ಐವತ್ತರ ತಂಡ, ಇಪ್ಪತ್ತರ ಹಾಡು: ಅಭಿಮಾನಿ ಕೇಳುವುದೇನು?

ಕೋಲಾರ: ಐವತ್ತು ವರ್ಷ ತುಂಬಿದ ರಾಕ್ ತಂಡವೊಂದು ತನ್ನ ಸುವರ್ಣ ಮಹೋತ್ಸವದ ಸಂಚಾರಕ್ಕೆ ಹಾಡುಗಳ ಪಟ್ಟಿ ಸಿದ್ಧಪಡಿಸುವಾಗ, ಕಳೆದ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ತಾನೇ ಕಟ್ಟಿದ ಒಂದೇ ಒಂದು ಹಾಡನ್ನೂ ಅದರೊಳಗೆ ಬಿಟ್ಟುಕೊಳ್ಳಲಿಲ್ಲ. ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ 2025ರ ಮೇ 27ರಂದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಆರಂಭಿಸಿದ ಸಂಚಾರದ ನಿಯಮವೇ ಅದು. 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮ್‌ಗಳ ಹಾಡು ಮಾತ್ರ. ಆ ನಂತರ ಬಂದ ಎಂಟು ಆಲ್ಬಮ್‌ಗಳು, 2021ರ ‘ಸೆಂಜುಟ್ಸು’ವೂ ಸೇರಿದಂತೆ, ವೇದಿಕೆಯ ಕೆಳಗೇ ಉಳಿದವು.

ಮೇಲ್ನೋಟಕ್ಕೆ ಇದು ಕೇಳುಗರ ಗೆಲುವು. ಹೊಸ ಆಲ್ಬಮ್ ಬಂದಾಗಲೆಲ್ಲ ‘ಹಳೆಯದರಂತಿಲ್ಲ’ ಎಂದು ಮುಖ ತಿರುಗಿಸುತ್ತಿದ್ದವರಿಗೆ ತಂಡ ಕೊನೆಗೂ ಅವರು ಬೇಡಿದ್ದನ್ನೇ ಬಡಿಸಿದೆ. ಆದರೆ ಈ ಗೆಲುವಿಗೆ ತೆತ್ತ ಬೆಲೆಯನ್ನೂ ನೋಡಬೇಕಾಗುತ್ತದೆ. ಅರವತ್ತು ದಾಟಿದ ಕಲಾವಿದರು ತಮ್ಮ ಅರವತ್ತರ ಬಾಳಿನ ಬಗ್ಗೆ ಏನನ್ನೂ ಹೇಳದೆ, ಇಪ್ಪತ್ತೈದರಲ್ಲಿ ಹೇಳಿದ್ದನ್ನೇ ರಾತ್ರಿ ರಾತ್ರಿ ಪುನರುಚ್ಚರಿಸಬೇಕು ಎಂಬುದು ಆ ಬೆಲೆ.

ಕೋಲಾರದಿಂದ ಹೊರಡುವ ವರದಿಗೆ ಲಂಡನ್ನಿನ ರಾಕ್ ತಂಡವೇಕೆ ಎಂದು ಓದುಗರು ಕೇಳಬಹುದು. ಕಾರಣ ಎರಡು. ಒಂದು, ಈ ತಂಡ ಹೊಸ ಹಾಡು ಮತ್ತು ಹಳೆಯ ಹಾಡು ಎಂಬ ಎರಡೂ ಮುಖಗಳನ್ನು ಇಲ್ಲಿಂದ 70 ಕಿ.ಮೀ. ದೂರದ ಬೆಂಗಳೂರಿನಲ್ಲೇ, ಎರಡು ವರ್ಷಗಳ ಅಂತರದಲ್ಲಿ ತೋರಿಸಿತ್ತು. ಎರಡನೆಯದು ಇನ್ನಷ್ಟು ಹತ್ತಿರದ್ದು. ಸ್ಟೀವ್ ಹ್ಯಾರಿಸ್ ಎಂಬ ತರುಣ ಪೂರ್ವ ಲಂಡನ್ನಿನಲ್ಲಿ ಈ ತಂಡ ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ. ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು, ‘ಸಮುದಾಯ’ ರಂಗತಂಡ ಜನ್ಮ ತಳೆಯಿತು. ಆ ದಶಕದ ಹೋರಾಟದ ಹಾಡನ್ನು ಎದೆಗೆ ಹಾಕಿಕೊಂಡು ಬೆಳೆಸಿದ ಜಿಲ್ಲೆಗಳಲ್ಲಿ ಕೋಲಾರ ಮುಂಚೂಣಿಯದು. ಲಂಡನ್ನಿನ ಗಿಟಾರಿಗೂ ಕೋಲಾರದ ತಮಟೆಗೂ ನಂಟು ಕಲ್ಪಿಸುವ ಉದ್ದೇಶ ಇಲ್ಲಿಲ್ಲ. ಆದರೆ ಐವತ್ತು ವರ್ಷ ಹಳೆಯದಾದ ಹಾಡನ್ನು ಕೇಳುಗ ಏಕೆ ಬಿಡುವುದಿಲ್ಲ, ಅದೇ ಬಾಯಿಂದ ಬಂದ ಹೊಸ ಹಾಡನ್ನು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಉತ್ತರ ಮಾತ್ರ ಒಂದೇ ಅಲ್ಲ.

ಎಂಬತ್ತೆರಡು ನಿಮಿಷದ ಪರೀಕ್ಷೆ

ಜಪಾನಿ ಭಾಷೆಯಲ್ಲಿ ಯುದ್ಧತಂತ್ರ ಎಂಬರ್ಥ ಕೊಡುವ ‘ಸೆಂಜುಟ್ಸು’ 2021ರ ಸೆಪ್ಟೆಂಬರ್ 3ರಂದು ಬಿಡುಗಡೆಯಾಯಿತು. ಅದಕ್ಕೂ ಹಿಂದಿನ ಆಲ್ಬಮ್ ಬಂದಿದ್ದು 2015ರಲ್ಲಿ. ಆರು ವರ್ಷಗಳ ಕಾಯುವಿಕೆ ಈ ತಂಡದ ಚರಿತ್ರೆಯಲ್ಲೇ ದೀರ್ಘವಾದುದು. ಪ್ಯಾರಿಸ್‌ನ ಸ್ಟುಡಿಯೊವೊಂದರಲ್ಲಿ 2019ರಲ್ಲೇ ಧ್ವನಿಮುದ್ರಣ ಮುಗಿದಿದ್ದರೂ ಕೊರೊನಾ ಹಾವಳಿಯಿಂದ ಬಿಡುಗಡೆ ಮುಂದೆ ಹೋಗಿತ್ತು. ಹಾಡುಗಳು ಹತ್ತೇ. ಆದರೆ ಒಟ್ಟು ಅವಧಿ ಎಂಬತ್ತೆರಡು ನಿಮಿಷದ ಆಸುಪಾಸು. ಕೊನೆಯ ಮೂರು ಹಾಡುಗಳು ಹ್ಯಾರಿಸ್ ಒಬ್ಬರದೇ ರಚನೆ, ಮೂರೂ ಹತ್ತು ನಿಮಿಷ ಮೀರಿದವು. ಹಳೆಯ ಬಗೆಯ ಎಲ್‌ಪಿ ತಟ್ಟೆಯಲ್ಲಿ ಕೊಳ್ಳುವವರು ಮೂರು ತಟ್ಟೆಗಳನ್ನು ಕೊಳ್ಳಬೇಕಾಯಿತು.

ಮಾರಾಟಕ್ಕೆ ಕೊರತೆಯೇನೂ ಆಗಲಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ, ಅಮೆರಿಕದಲ್ಲಿ ಮೂರನೆಯ ಸ್ಥಾನ ಪಡೆಯಿತು. ಕೊಂಡವರ ಅಭಿಪ್ರಾಯ ಮಾತ್ರ ಇಬ್ಭಾಗವಾಯಿತು. ಆಕ್ಷೇಪಗಳನ್ನು ಸೋಸಿ ನೋಡಿದರೆ ಉಳಿಯುವುದು ಮೂರು ದೂರು: ಹಾಡುಗಳು ಅತಿ ಉದ್ದ, ಸಾಲುಗಳು ಮತ್ತೆ ಮತ್ತೆ ಮರುಕಳಿಸುತ್ತವೆ, ಹಿಂದಿನ ಓಟ ಇಲ್ಲ. ಧ್ವನಿಮುದ್ರಣ ಮಸುಕಾಗಿದೆ ಎಂಬ ಗೊಣಗಾಟವೂ ಇದರೊಂದಿಗೆ ಸೇರಿತ್ತು. ಮೆಚ್ಚಿದವರು ಬೊಟ್ಟು ಮಾಡಿದ್ದು ಹೆಚ್ಚಾಗಿ ಕೊನೆಯ ಹಾಡಿನತ್ತ. ‘ಹೆಲ್ ಆನ್ ಅರ್ಥ್’ ಎಂಬ ಹನ್ನೊಂದು ನಿಮಿಷದ ಆ ರಚನೆಯಲ್ಲಿ ಹಳೆಯ ಅಬ್ಬರಕ್ಕೆ ವಯಸ್ಸಿನ ವಿಷಾದ ಕೂಡಿಕೊಂಡಿದೆ ಎಂಬುದು ಅವರ ಸಮರ್ಥನೆ.

ಈ ದೂರುಗಳಲ್ಲಿ ಹುರುಳಿಲ್ಲ ಎನ್ನಲಾಗದು. ಒಂದೇ ಬಗೆಯ ಮೆಲುದನಿಯ ಪೀಠಿಕೆ ನಾಲ್ಕಾರು ಹಾಡುಗಳಿಗೆ ಬಂದರೆ ಕೇಳುಗನಿಗೆ ಬೇಸರ ಬರುವುದು ಸಹಜ. ಕತ್ತರಿ ಹಿಡಿದ ಸಂಪಾದಕ ಪಕ್ಕದಲ್ಲಿ ಇರಲಿಲ್ಲವೆಂಬುದು ಸ್ಪಷ್ಟ. ಯಶಸ್ವಿಯಾದ ತಂಡಕ್ಕೆ ‘ಇಷ್ಟು ಸಾಕು’ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಇದು ರಾಕ್ ತಂಡಕ್ಕೆ ಮಾತ್ರ ಸೀಮಿತವಾದ ವ್ಯಾಧಿಯೂ ಅಲ್ಲ, ನಮ್ಮ ಹಿರಿಯ ಕಾದಂಬರಿಕಾರರ ಕೊನೆಗಾಲದ ದಪ್ಪ ಪುಸ್ತಕಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ.

ಆದರೆ ಓಟ ಇಲ್ಲ ಎಂಬ ದೂರು ಬೇರೆ ಜಾತಿಯದು. ಗಾಯಕ ಬ್ರೂಸ್ ಡಿಕಿನ್‌ಸನ್‌ಗೆ ಆಲ್ಬಮ್ ಬಂದಾಗ 63 ವರ್ಷ. 2014ರ ಕೊನೆಯಲ್ಲಿ ಅವರಿಗೆ ಬಾಯಿ-ಗಂಟಲಿನ ಭಾಗದಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಗಿ, 2015ರಲ್ಲಿ ಚಿಕಿತ್ಸೆ ನಡೆದಿತ್ತು. ಆ ಚಿಕಿತ್ಸೆಯ ನಂತರ ಅವರು ತಂಡದೊಂದಿಗೆ ಸ್ಟುಡಿಯೊದಲ್ಲಿ ಹಾಡಿದ ಮೊದಲ ಆಲ್ಬಮ್ ಇದೇ. ಡ್ರಮ್ ಬಾರಿಸಿದ ನಿಕೊ ಮೆಕ್‌ಬ್ರೈನ್ ಆಗ 69ರ ಹರೆಯದವರು. 2023ರ ಜನವರಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಅದೇ ವರ್ಷ ಮತ್ತೆ ವೇದಿಕೆಗೆ ಮರಳಿದ ಅವರು, 2024ರ ಡಿಸೆಂಬರ್‌ನಲ್ಲಿ ಸಂಚಾರದಿಂದ ನಿವೃತ್ತಿ ಘೋಷಿಸಿದರು. ಇಂಥವರಿಂದ 1982ರ ವೇಗವನ್ನು ಬಯಸುವುದು ಎಂದರೆ ಸಂಗೀತವನ್ನು ವಿಮರ್ಶಿಸಿದಂತಲ್ಲ. ಅವರಿಗೆ ವಯಸ್ಸಾಯಿತು ಎಂಬುದನ್ನು, ಅದರ ಜತೆಗೆ ತನಗೂ ವಯಸ್ಸಾಯಿತು ಎಂಬುದನ್ನು, ಕೇಳುಗ ಒಪ್ಪಲು ನಿರಾಕರಿಸಿದಂತೆ.

ಇದಕ್ಕೆ ಇನ್ನೊಂದು ಪುರಾವೆ ಈ ತಂಡದ ಚರಿತ್ರೆಯಲ್ಲೇ ಇದೆ. ಡಿಕಿನ್‌ಸನ್ 1993ರಲ್ಲಿ ತಂಡ ತೊರೆದಾಗ ಅವರ ಸ್ಥಾನಕ್ಕೆ ಬಂದವರು ಬ್ಲೇಜ್ ಬೇಲಿ. ಅವರ ಕಾಲದಲ್ಲಿ ಬಂದ 1995 ಮತ್ತು 1998ರ ಎರಡು ಆಲ್ಬಮ್‌ಗಳನ್ನು ಅಭಿಮಾನಿಗಳು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 1999ರಲ್ಲಿ ಡಿಕಿನ್‌ಸನ್ ಮರಳಿದರು. ಆ ಬಳಿಕ ಅವೇ ಆಲ್ಬಮ್‌ಗಳ ‘ಸೈನ್ ಆಫ್ ದ ಕ್ರಾಸ್’, ‘ದ ಕ್ಲಾನ್ಸ್‌ಮನ್’ ಹಾಡುಗಳನ್ನು ಅವರ ಕಂಠದಲ್ಲಿ ಕೇಳಿದ ಜನ ಕುಣಿದರು. ಹಾಡು ಅದೇ, ರಾಗ ಅದೇ. ಬದಲಾದದ್ದು ಹಾಡುವವರು ಮಾತ್ರ. ಅಂದರೆ ‘ಹೊಸ ಹಾಡು ಚೆನ್ನಾಗಿಲ್ಲ’ ಎಂಬ ತೀರ್ಪಿನಲ್ಲಿ ಹಾಡಿನ ಪಾಲೆಷ್ಟು, ಕೇಳುಗನ ಹಟದ ಪಾಲೆಷ್ಟು ಎಂಬುದನ್ನು ಬಿಡಿಸಿ ಹೇಳುವುದು ಸುಲಭವಲ್ಲ.

ಅರಮನೆ ಮೈದಾನದ ಎರಡು ರಾತ್ರಿ

ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿಗೆ ಹಾಡಿದ್ದು 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಅದಕ್ಕೂ ಹಿಂದಿನ ವರ್ಷ ಯುರೋಪ್, ಅಮೆರಿಕಗಳಲ್ಲಿ ಈ ತಂಡ ಒಂದು ಸಾಹಸ ಮಾಡಿತ್ತು. 2006ರಲ್ಲಿ ಹೊರಬಂದ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹಾಡನ್ನೂ ಬಿಡದೆ ವೇದಿಕೆಯಲ್ಲಿ ಹಾಡಿತ್ತು. ದುಡ್ಡು ಕೊಟ್ಟು ಬಂದವರಲ್ಲಿ ಅನೇಕರು ಹಳೆಯ ಹಾಡು ಎಲ್ಲಿ ಎಂದು ಕೂಗಿದ್ದು ಆಗ ಸುದ್ದಿಯಾಗಿತ್ತು. ಬೆಂಗಳೂರಿಗೆ ಬರುವಷ್ಟರಲ್ಲಿ ತಂಡ ಅರ್ಧ ಮಣಿದಿತ್ತು. ಹೊಸ ಆಲ್ಬಮ್‌ನ ಹಾಡುಗಳು ಐದಕ್ಕಿಳಿದವು. ಉಳಿದಂತೆ, 25 ವರ್ಷ ತುಂಬಿದ್ದ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್‌ನದೂ ಸೇರಿ ಹಳೆಯವೇ.

ಎರಡನೆಯ ಬಾರಿ ಬಂದಿದ್ದು 2009ರ ಫೆಬ್ರುವರಿ 15ರಂದು. ಅದೇ ಮೈದಾನ. ಗಾಯಕರೇ ವಿಮಾನ ಚಾಲಕರಾಗಿ ತಂಡವನ್ನೂ ಸಲಕರಣೆಯನ್ನೂ ಒಂದೇ ಬೋಯಿಂಗ್‌ನಲ್ಲಿ ಹೊತ್ತು ಖಂಡ ಖಂಡಾಂತರ ಸುತ್ತಿದ ಸಂಚಾರವದು. ಆದರೆ ಹಾಡಿನ ಮಟ್ಟಿಗೆ ಆ ವಿಮಾನ ಹಿಂದಕ್ಕೆ ಹಾರುತ್ತಿತ್ತು. ಪಟ್ಟಿಯಲ್ಲಿದ್ದುದು 80ರ ದಶಕದ ಹಾಡುಗಳು. 1992ರ ಒಂದನ್ನು ಬಿಟ್ಟರೆ ಅದಕ್ಕಿಂತ ಈಚಿನದು ಯಾವುದೂ ಇರಲಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೇಳಿಸಿದ ಐದು ಹೊಸ ಹಾಡುಗಳಲ್ಲಿ ಒಂದಾದರೂ ಉಳಿದಿರಲಿಲ್ಲ.

ಇತರ ತಂಡಗಳ ಕಥೆಯೂ ಭಿನ್ನವಲ್ಲ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಳೆಯಲ್ಲಿ ಹಾಡಿದಾಗ ಅದು ತನ್ನ ನಲವತ್ತು ವರ್ಷದ ಸಂಭ್ರಮದಲ್ಲಿತ್ತು. ಆ ಸಂಚಾರಕ್ಕೆ ಜೋಡಿಯಾಗಿ ಹೊರತಂದ ಸಂಕಲನದಲ್ಲಿ ನಲವತ್ತು ಹಾಡುಗಳಿದ್ದವು, ಹೊಸವು ನಾಲ್ಕೇ. ಇಪ್ಪತ್ತು ವರ್ಷದ ನಂತರ, 2023ರ ಅಕ್ಟೋಬರ್ 20ರಂದು ಅದೇ ತಂಡ ‘ಹ್ಯಾಕ್ನಿ ಡೈಮಂಡ್ಸ್’ ಹೊರತಂದಾಗ ಹೊಸ ಸ್ವಂತ ರಚನೆಗಳ ಆಲ್ಬಮ್ ಬಂದು ಹದಿನೆಂಟು ವರ್ಷಗಳಾಗಿದ್ದವು. ಮಿಕ್ ಜಾಗರ್‌ಗೆ ಎಂಬತ್ತು ತುಂಬಿತ್ತು. 2021ರಲ್ಲಿ ತೀರಿಕೊಂಡ ಡ್ರಮ್ ವಾದಕ ಚಾರ್ಲಿ ವಾಟ್ಸ್ ಮೊದಲೇ ನುಡಿಸಿಟ್ಟಿದ್ದ ಎರಡು ಹಾಡುಗಳು ಅದರಲ್ಲಿದ್ದವು. ಈ ಆಲ್ಬಮ್ಮಿಗೆ ಸಿಕ್ಕ ಸ್ವಾಗತ ಬೆಚ್ಚಗಿತ್ತು. ಆದರೆ ಆ ಹೊಗಳಿಕೆಯ ಮಾತನ್ನು ಗಮನಿಸಬೇಕು: ‘ನಲವತ್ತು ವರ್ಷದಲ್ಲೇ ಉತ್ತಮ’ ಎಂಬ ಧಾಟಿಯದು ಅದು. ಮೆಚ್ಚುಗೆಯ ಅಳತೆಗೋಲು ಕೂಡ ಹಳೆಯದೇ.

ಮೆಟಾಲಿಕಾದ್ದು ಇನ್ನೂ ವಿಚಿತ್ರ. 2011ರ ಅಕ್ಟೋಬರ್ 30ರಂದು ಆ ತಂಡ ಅರಮನೆ ಮೈದಾನದಲ್ಲಿ ಹಾಡಿತು. ಎರಡು ದಿನ ಮೊದಲು ದೆಹಲಿ ಬಳಿಯ ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿ ದಾಂಧಲೆಯಾಗಿದ್ದರಿಂದ ಬೆಂಗಳೂರಿನ ಮೇಲೆ ಎಲ್ಲರ ಕಣ್ಣಿತ್ತು. ಮರುದಿನವೇ, ಅಕ್ಟೋಬರ್ 31ರಂದು, ಲೂ ರೀಡ್ ಜತೆಗೂಡಿ ಮಾಡಿದ ‘ಲುಲು’ ಆಲ್ಬಮ್ ಯುರೋಪಿನಲ್ಲಿ ಬಿಡುಗಡೆಯಾಯಿತು. ಬಿಡುಗಡೆಯ ಹಿಂದಿನ ರಾತ್ರಿ ಸಾವಿರಾರು ಜನ ಎದುರಿಗಿದ್ದಾಗಲೂ ತಂಡ ಅದರಿಂದ ಒಂದು ಹಾಡನ್ನೂ ಎತ್ತಿಕೊಳ್ಳಲಿಲ್ಲ. ಆಮೇಲೆ ‘ಲುಲು’ಗೆ ಅಭಿಮಾನಿಗಳು ಮಾಡಿದ ಮಂಗಳಾರತಿಯನ್ನು ನೆನೆದರೆ ತಂಡದ ಅಂಜಿಕೆ ಅರ್ಥವಾಗುತ್ತದೆ.

ಇದರ ಹಿಂದೆ ವ್ಯಾಪಾರದ ಲೆಕ್ಕವೂ ಇದೆ. ಕ್ಯಾಸೆಟ್, ಸಿ.ಡಿ. ಮಾರಾಟದಿಂದ ಹಣ ಬರುತ್ತಿದ್ದ ಕಾಲದಲ್ಲಿ ಸಂಚಾರವೆಂಬುದು ಆಲ್ಬಮ್ಮಿಗೆ ಪ್ರಚಾರವಾಗಿತ್ತು. ಈಗ ತಿಂಗಳ ಚಂದಾ ಕಟ್ಟಿ ಮೊಬೈಲ್‌ನಲ್ಲೇ ಕೇಳುವ ಕಾಲ. ಹಣ ಬರುವುದು ಟಿಕೆಟ್ಟಿನಿಂದ, ಟೀ ಶರ್ಟಿನಿಂದ. ಆಲ್ಬಮ್ ಸಂಚಾರಕ್ಕೊಂದು ನೆಪ. ಕುಟುಂಬ ಸಮೇತ ಸಾವಿರಾರು ರೂಪಾಯಿ ತೆತ್ತು ಬಂದವನಿಗೆ ಗೊತ್ತಿಲ್ಲದ ಹಾಡು ಕೇಳಿಸಿ ರಿಸ್ಕ್ ತೆಗೆದುಕೊಳ್ಳಲು ಸಂಘಟಕ ಸಿದ್ಧನಿರುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ ಎಂಬುದನ್ನು ಐರನ್ ಮೇಡನ್ನೇ ಒಮ್ಮೆ ತೋರಿಸಿಕೊಟ್ಟಿತ್ತು. 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಆರಂಭವಾದ ಸಂಚಾರದಲ್ಲಿ ತಂಡ ‘ಸೆಂಜುಟ್ಸು’ವಿನ ಐದು ಹಾಡುಗಳನ್ನು ಹಾಡಿತು. ಅವುಗಳ ಜತೆಗಿಟ್ಟದ್ದು 1986ರ ‘ಸಮ್‌ವೇರ್ ಇನ್ ಟೈಮ್’ ಆಲ್ಬಮ್‌ನ ಹಾಡುಗಳನ್ನು. ಎಲ್ಲರ ಬಾಯಲ್ಲಿರುವ ‘ರನ್ ಟು ದ ಹಿಲ್ಸ್’, ‘ದ ನಂಬರ್ ಆಫ್ ದ ಬೀಸ್ಟ್’ಗಳನ್ನು ಕೈಬಿಟ್ಟಿತು. ಅವುಗಳ ಬದಲಿಗೆ, 37 ವರ್ಷಗಳಿಂದ ಒಮ್ಮೆಯೂ ವೇದಿಕೆಯ ಮೇಲೆ ಹಾಡದೇ ಇದ್ದ ‘ಅಲೆಕ್ಸಾಂಡರ್ ದ ಗ್ರೇಟ್’ ಹಾಡನ್ನು ಮೊದಲ ಬಾರಿಗೆ ಹಾಡಿತು. ಜನ ಸಂಭ್ರಮಿಸಿದರು. ಆ ಸಂಭ್ರಮದ ನಡುವೆ ಹೊಸ ಹಾಡುಗಳೂ ದಕ್ಕಿದವು. ಹಳೆಯದನ್ನು ಕೇಳಬಯಸುವವರಿಗೆ ಹಳೆಯದರಲ್ಲೇ ಕೇಳದಿದ್ದನ್ನು ಕೊಟ್ಟು ಅವರ ಕಿವಿ ತೆರೆಸಿದ ಜಾಣ್ಮೆ ಇದು. ಎರಡೇ ವರ್ಷದಲ್ಲಿ ಅದನ್ನೂ ಬಿಟ್ಟುಕೊಟ್ಟಿದ್ದು ವಿಷಾದನೀಯ.

ತಮಟೆಯ ಲೆಕ್ಕ ಬೇರೆ

ಈಗ ನಮ್ಮ ಕಡೆಗೆ ಬರೋಣ. ಈ ಜಿಲ್ಲೆಗೆ ಪಾಶ್ಚಾತ್ಯ ಸಂಗೀತ ಅಪರಿಚಿತವೇನಲ್ಲ. 2001ರ ಫೆಬ್ರುವರಿ 28ರಂದು ಮುಚ್ಚಿದ ಚಿನ್ನದ ಗಣಿಯ ಊರಿನ ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಗಳಲ್ಲಿ ಗಿಟಾರು, ಪಿಯಾನೊ ಇದ್ದವು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಕಂಪನಿ ಬಸ್ಸಿನಲ್ಲಿ ಹೋಗುವ ಡಿಪ್ಲೊಮಾ ಹುಡುಗರ ಕಿವಿಯಲ್ಲಿ ಈಗ ಏನು ಬೇಕಾದರೂ ನುಡಿಯುತ್ತಿರಬಹುದು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲಿನಲ್ಲಿ ಸಾವಿರ ಜನರನ್ನು ಒಟ್ಟಿಗೆ ಎಬ್ಬಿಸಿ ನಿಲ್ಲಿಸಿದ ವಾದ್ಯ ತಮಟೆ, ಹಾಡು ದಲಿತ ಚಳವಳಿಯದು.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ 30ರಷ್ಟು. ರಾಜ್ಯದಲ್ಲೇ ಅತ್ಯಧಿಕ ಪ್ರಮಾಣವಿದು. ದಲಿತ ಸಂಘರ್ಷ ಸಮಿತಿ ಇಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಭಾಷಣ ತಲುಪದ ಕೇರಿಗೆ ಹಾಡು ತಲುಪಿತು. ಕೋಟಿಗಾನಹಳ್ಳಿ ರಾಮಯ್ಯನವರಂಥವರು ಹಾಡು ಕಟ್ಟಿದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ಹಾಡಿಕೊಂಡು ಊರೂರು ಅಲೆದರು. ಇವರಿಬ್ಬರೂ ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೇರಿದರು. ಸಾವಿನ ಮನೆಯ ಮುಂದೆ ಬಡಿಯಲೇಬೇಕೆಂಬ ಕಟ್ಟಳೆಗೆ ಒಳಗಾಗಿದ್ದ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದೆ ತಂದು ನಿಲ್ಲಿಸಿದ್ದು ಆ ಪೀಳಿಗೆಯ ಸಾಧನೆ. 2007ರಲ್ಲಿ ಪ್ರತ್ಯೇಕವಾಗುವ ಮುನ್ನ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ಆ ವಾದ್ಯದ ಪಯಣ ದೆಹಲಿಯವರೆಗೂ ತಲುಪಿತು.

ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಇರಲಿ, ತಾಲ್ಲೂಕು ಕಚೇರಿ ಮುಂದಿನ ಧರಣಿ ಇರಲಿ, ಹಿರಿಯ ಗಾಯಕರು ಮೈಕ್ ಹಿಡಿದರೆ ಸಭೆಯಿಂದ ಬರುವ ಕೋರಿಕೆ ಅರಮನೆ ಮೈದಾನದ್ದೇ: ‘ಅಣ್ಣಾ, ಆ ಹಳೇ ಹಾಡು ಹೇಳಿ.’ ಕೇಳುವವರಲ್ಲಿ ತಲೆ ನರೆತವರೂ ಇರುತ್ತಾರೆ. ಆ ಹಾಡು ಬಂದಾಗ ಹುಟ್ಟಿರದಿದ್ದ ಹುಡುಗರೂ ಇರುತ್ತಾರೆ. ಇಲ್ಲಿಗೆ ಬಂದಾಗ ಮೇಲಿನ ವಾದವನ್ನು ತಡೆದು ನಿಲ್ಲಿಸಬೇಕಾಗುತ್ತದೆ. ಕಾರಣ, ಈ ಕೋರಿಕೆಯನ್ನು ಬರಿಯ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದ ಎಂಬ ಕಾರಣಕ್ಕೆ ದಲಿತ ಬಾಲಕನ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಿದ ಸುದ್ದಿ ದೇಶದಾದ್ಯಂತ ಪ್ರಚಾರವಾಯಿತು. ಅವಿಭಜಿತ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಪ್ರಕರಣದ ಆರೋಪಿಗಳು 2006ರಲ್ಲಿ ಖುಲಾಸೆಯಾದರು. ಇಂಥ ನೆಲದಲ್ಲಿ, ನಲವತ್ತೇಳರ ಸ್ವಾತಂತ್ರ್ಯ ಯಾರ ಪಾಲಾಯಿತು ಎಂದು ಪ್ರಶ್ನಿಸಿದ ಸಿದ್ಧಲಿಂಗಯ್ಯನವರ ಹಾಡಿಗೆ ವಯಸ್ಸಾಗಿದೆ ಎನ್ನಲು ಬರುವುದಿಲ್ಲ. ರಾಕ್ ಅಭಿಮಾನಿ ಹಳೆಯ ಹಾಡು ಕೇಳುವುದು ತನ್ನ ಕಾಲೇಜು ದಿನಗಳನ್ನು ಮರಳಿ ಪಡೆಯಲು. ಮಾಲೂರಿನ ಕೇಳುಗನಿಗೆ ಆ ದಿನಗಳು ಮರಳುವುದು ಬೇಡವೇ ಬೇಡ. ಅವನು ಹಳೆಯ ಹಾಡು ಕೇಳುವುದು ಅದರ ಕೆಲಸ ಇನ್ನೂ ಮುಗಿದಿಲ್ಲವಾದ್ದರಿಂದ.

ಹಾಗೆಂದು ಚಳವಳಿಯ ಕೇಳುಗರು ತಮ್ಮ ಕವಿಗಳ ಬಗ್ಗೆ ಔದಾರ್ಯ ತೋರಿದರು ಎಂದೇನೂ ಅಲ್ಲ. ಸಿದ್ಧಲಿಂಗಯ್ಯನವರ ಉದಾಹರಣೆಯೇ ಕಣ್ಣ ಮುಂದಿದೆ. ವಿಧಾನ ಪರಿಷತ್ ಸದಸ್ಯರಾಗಿ, ಗ್ರಾಮದೇವತೆಗಳ ಸಂಶೋಧಕರಾಗಿ, ‘ಊರುಕೇರಿ’ಯ ನಗೆಮಾತಿನ ಆತ್ಮಕಥನಕಾರರಾಗಿ ಅವರು ಬೆಳೆದಂತೆಲ್ಲ ‘ಆ ಹಳೆಯ ಸಿಟ್ಟು ಎಲ್ಲಿ’ ಎಂಬ ಪ್ರಶ್ನೆ ಬೆನ್ನು ಬಿಡಲಿಲ್ಲ. 2021ರ ಜೂನ್ 11ರಂದು ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ನೆನೆದಿದ್ದು 1975ರ ಕವಿಯನ್ನೇ. ಅವರ ನಂತರದ ಕವಿತೆಗಳಲ್ಲಿ ಏನಿತ್ತು ಎಂದು ನಿಂತು ನೋಡಿದವರು ಕಡಿಮೆ. ಸಿಟ್ಟಿನಿಂದ ನಗೆಗೆ ಹೊರಳಿದ್ದು ಶರಣಾಗತಿಯೋ, ಅದೂ ಒಂದು ಬಗೆಯ ಪ್ರತಿರೋಧವೋ ಎಂಬ ಚರ್ಚೆ ಆಗಬೇಕಾದಷ್ಟು ಆಗಲೇ ಇಲ್ಲ. ‘ಊರುಕೇರಿ’ಯನ್ನು ಓದಿದವರು ಎರಡನೆಯದನ್ನು ಸುಲಭಕ್ಕೆ ತಳ್ಳಿಹಾಕಲಾರರು.

ತೆಲುಗನ್ನೂ ಮನೆಮಾತಾಗಿಸಿಕೊಂಡ ಮುಳಬಾಗಿಲು, ಶ್ರೀನಿವಾಸಪುರ ಸೀಮೆಯವರಿಗೆ ಗದ್ದರ್ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಜನನಾಟ್ಯ ಮಂಡಳಿಯ ಈ ಗಾಯಕ 1997ರಲ್ಲಿ ಗುಂಡೇಟು ತಿಂದರೂ ಹಾಡು ಬಿಡಲಿಲ್ಲ. ಚುನಾವಣೆಯನ್ನೇ ನಿರಾಕರಿಸುತ್ತಿದ್ದವರು 2018ರಲ್ಲಿ ಮೊದಲ ಬಾರಿ ಮತ ಹಾಕಿದರು, ದೇವಸ್ಥಾನಗಳಿಗೂ ಹೋದರು. ಹಳೆಯ ಸಂಗಾತಿಗಳಲ್ಲಿ ಹಲವರಿಗೆ ಅದು ದ್ರೋಹವಾಗಿ ಕಂಡಿತು. 2023ರ ಆಗಸ್ಟ್ 6ರಂದು ಅವರು ತೀರಿಕೊಂಡರು. 2025ರಲ್ಲಿ ತೆಲಂಗಾಣ ಸರ್ಕಾರ ತನ್ನ ಚಲನಚಿತ್ರ ಪ್ರಶಸ್ತಿಗಳಿಗೆ ಅವರ ಹೆಸರನ್ನೇ ಇಟ್ಟು ವಿತರಿಸಿತು. ಯಾವ ಸರ್ಕಾರಗಳ ವಿರುದ್ಧ ಹಾಡಿದರೋ ಅಂಥದೊಂದು ಸರ್ಕಾರದ ವೇದಿಕೆಯಲ್ಲಿ ಅವರ ಹೆಸರು ಮೊಳಗಿದ್ದನ್ನು ಏನೆನ್ನಬೇಕೋ ತಿಳಿಯದು.

ರಾಕ್ ತಂಡದ ಅಭಿಮಾನಿಯ ಮುನಿಸು ಹೆಚ್ಚೆಂದರೆ ಒಂದು ಟಿಕೆಟ್ಟಿನ ನಷ್ಟ. ಹೋರಾಟದ ಹಾಡುಗಾರನ ಮೇಲಿನ ಮುನಿಸಿಗೆ ಅದಕ್ಕಿಂತ ತೂಕವಿದೆ, ಏಕೆಂದರೆ ಆ ಹಾಡನ್ನು ನಂಬಿ ಜೈಲಿಗೆ ಹೋದವರಿದ್ದಾರೆ, ಊರು ಬಿಟ್ಟವರಿದ್ದಾರೆ. ಆದ್ದರಿಂದ ‘ಕಲಾವಿದನಿಗೆ ಬದಲಾಗುವ ಸ್ವಾತಂತ್ರ್ಯವಿದೆ’ ಎಂಬ ಸಿದ್ಧ ಮಾತನ್ನು ಇಲ್ಲಿ ಹಾಗೇ ಒಪ್ಪಿಸಿಬಿಡಲಾಗದು.

ಹೊಸ ಹಾಡು ಎಲ್ಲಿದೆ?

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. 1975ರಲ್ಲಿ ಇಲ್ಲದಿದ್ದ ಎಷ್ಟೋ ಸಂಗತಿಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಇವೆ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ ಸಂತೋಷವೂ ನೀರಿನ ಗುಣಮಟ್ಟದ ಅನುಮಾನವೂ ಒಟ್ಟಿಗೇ ಇವೆ. ಕೇರಿಯ ಮಕ್ಕಳು ಜೀತಕ್ಕಲ್ಲ, ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ತಕರಾರು ಸ್ಫೋಟಗೊಂಡದ್ದು ಜಗತ್ತಿಗೇ ಸುದ್ದಿಯಾಯಿತು. ಇವುಗಳ ಬಗ್ಗೆ ಹಾಡು ಕಟ್ಟುವವರು ಇಲ್ಲದಿಲ್ಲ. ವೇದಿಕೆಯ ಮೇಲೆ ಅವರಿಗೆ ಸಿಗುವ ಸಮಯವೆಷ್ಟು ಎಂಬುದೇ ಪ್ರಶ್ನೆ. ಮುಖ್ಯ ಅತಿಥಿ ಬರುವವರೆಗೆ ಹೊತ್ತು ಕಳೆಯಲು ಹೊಸಬರ ಹಾಡು, ಅತಿಥಿ ಬಂದ ಮೇಲೆ ಹಿರಿಯರ ಹಳೆಯ ಹಾಡು ಎಂಬ ಪದ್ಧತಿ ಬಹುತೇಕ ಕಡೆ ಕಾಣುತ್ತದೆ. ಹಿರಿಯರು ತಾವೇ ಈಚೆಗೆ ಕಟ್ಟಿದ್ದನ್ನು ಹಾಡಲು ಹೊರಟರೂ ಸಭೆ ಕಾಯುವುದು ಹಳೆಯದಕ್ಕೇ.

ರಾಕ್ ಲೋಕದಲ್ಲಿ ಹೊಸ ಆಲ್ಬಮ್ಮಿನ ಹಣೆಬರಹ ನಿರ್ಧರಿಸುವುದು ಮಾರಾಟದ ಪಟ್ಟಿ. ಜಾಥಾದ ಹಾಡಿಗೆ ಅಂಥ ಪಟ್ಟಿ ಇಲ್ಲ, ನಕ್ಷತ್ರ ಎಣಿಸುವ ವಿಮರ್ಶಕರೂ ಇಲ್ಲ. ಅಲ್ಲಿ ಒಂದೇ ಪರೀಕ್ಷೆ: ಮುಂದಿನ ಊರಿನಲ್ಲಿ ಬೇರೊಬ್ಬರು ಅದನ್ನು ಎತ್ತಿಕೊಂಡು ಹಾಡಿದರೆ ಹಾಡು ಬದುಕಿತು. ಕಟ್ಟಿದವರ ಹೆಸರು ಮರೆತು ಹೋದರಂತೂ ಪೂರ್ತಿ ಬದುಕಿತು. ಬೇಲಿಯ ಹಾಡು ಡಿಕಿನ್‌ಸನ್ ಬಾಯಲ್ಲಿ ಬದುಕಿದ್ದು ಅಲ್ಲಿ ಅಪರೂಪದ ಘಟನೆ, ಇಲ್ಲಿ ಅದೇ ದಿನನಿತ್ಯದ ರೂಢಿ. ಕೇಳುಗ ಹೊಸ ಹಾಡನ್ನು ಒಪ್ಪಿದನೋ ಇಲ್ಲವೋ ಎಂದು ತಿಳಿಯಲು ಅವನ ಮಾತನ್ನು ಕೇಳಬೇಕಿಲ್ಲ, ಅವನು ಹಾಡುತ್ತಾನೋ ಇಲ್ಲವೋ ನೋಡಿದರೆ ಸಾಕು. ಹಾಗೆ ಹಾಡಲು ಅವನಿಗದು ಮೊದಲು ನಾಲ್ಕಾರು ಸಲ ಕೇಳಿಸಬೇಕಷ್ಟೆ.

ಕೋಲಾರ ನಗರದ ನೆತ್ತಿಯ ಮೇಲಿರುವ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಬೆಳೆದು ಬಂದ ‘ಹುಣ್ಣಿಮೆ ಹಾಡು’ ಅಂಥದೊಂದು ಅವಕಾಶವನ್ನು ಸೃಷ್ಟಿಸಿದ ಪ್ರಯೋಗ. ಚಳವಳಿಯ ಹಿರಿಯರೇ ಕಟ್ಟಿದ ಕೇಂದ್ರವಾದರೂ ಬೆಳದಿಂಗಳ ಆ ವೇದಿಕೆಯನ್ನು ಅವರು ತಮ್ಮ ಹಳೆಯ ಹಾಡುಗಳಿಗಷ್ಟೇ ಮೀಸಲಿಡಲಿಲ್ಲ. ನಾಟಕ, ಮಕ್ಕಳ ಆಟ, ಬೇರೆ ಬೇರೆ ಊರುಗಳ ಕಲಾತಂಡಗಳು ಎಲ್ಲಕ್ಕೂ ಅಲ್ಲಿ ಎಡೆ ಸಿಕ್ಕಿತು. ತಾಲ್ಲೂಕು ಕೇಂದ್ರಗಳ ಜಯಂತಿ ವೇದಿಕೆಗಳಿಗೆ ಈ ಮಾದರಿ ಇಳಿದು ಬಂದಿಲ್ಲ. ಅಲ್ಲಿ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವವರು ಕಲಾವಿದರಲ್ಲ, ಇಲಾಖೆಯ ಅಧಿಕಾರಿಗಳು. ಆಹ್ವಾನ ಪತ್ರಿಕೆಯಲ್ಲಿ ಗಣ್ಯರ ಹೆಸರಿಗೆ ಎರಡು ಪುಟ, ‘ಕ್ರಾಂತಿಗೀತೆಗಳ ಗಾಯನ’ಕ್ಕೆ ಒಂದು ಸಾಲು. ಆ ಒಂದು ಸಾಲಿಗೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಹಳೆಯದೂ ಹೊಸದೂ ಪೈಪೋಟಿಗಿಳಿದರೆ ಗೆಲ್ಲುವುದು ಹಳೆಯದೇ. ಒಂದು ಗಂಟೆ ಕೊಟ್ಟು, ಮರೆತುಹೋದ ಹಳೆಯ ಹಾಡೊಂದರ ಬೆನ್ನಿಗೇ ನರಸಾಪುರದ ಗುತ್ತಿಗೆ ಕಾರ್ಮಿಕರ ಹೊಸ ಹಾಡನ್ನೂ ಹಾಡಿಸಿ ನೋಡಲು ಅಧಿಕಾರಿಗಳಿಗೆ ಯಾವ ಸರ್ಕಾರಿ ಆದೇಶವೂ ಅಡ್ಡ ಬರುವುದಿಲ್ಲ.